ಹಲ್ಲು ಕೀಳಿಸಿದ್ಯಾ ಮಾರಾಯ್ತಿ?

ಮೇಲ್ತುಟಿಯ ಕೂದಲಿಗೆ ಲೇಸರ್ ಮಾಡಿಸುವ ವಿಷಯ ಮನೆಯಲ್ಲಿ ಗೊತ್ತಿದ್ದದ್ದು ಗಂಡನಿಗೆ ಮಾತ್ರ. ಅತ್ತೆಗೆ ಹೇಳಿದ್ದರೆ ಕಡಲೆಹಿಟ್ಟಿನ ಡಬ್ಬ, ಅರಿಶಿನದ ಡಬ್ಬ ಎರಡೂ ಒಟ್ಟಿಗೆ ಹೊರಗೆ ಬರುತ್ತಿದ್ದವು. "ಶಿವಮೊಗ್ಗದಲ್ಲಿ ಸ್ವಲ್ಪ ಕೆಲಸ ಇದೆ" ಅಂತಷ್ಟೇ ಹೇಳಿ ತೀರ್ಥಹಳ್ಳಿಯಲ್ಲಿ ಬಸ್ ಹತ್ತಿದೆ.

ಇದು ಎರಡನೇ ಸಲ. ಮೊದಲ ಸಲ ಡಾಕ್ಟರು ಮುಖ ನೋಡಿಯೇ ವಾಪಸ್ ಕಳಿಸಿದ್ದರು. ಡಾಕ್ಟರ ಮುಂದೆ ನೀಟಾಗಿ ಕಾಣಲಿ ಅಂತ ಎರಡು ದಿನ ಮುಂಚೆ ಥ್ರೆಡಿಂಗ್ ಮಾಡಿಸಿಕೊಂಡು ಹೋಗಿದ್ದೆ ನೋಡಿ! ಕೂದಲ ಬುಡದ ಕಪ್ಪು ಬಣ್ಣ ಲೇಸರಿನ ಬೆಳಕು ಹೀರಿಕೊಂಡು ಬಿಸಿಯಾಗಬೇಕು, ಆಗ ಬುಡ ಸುಡುತ್ತೆ. ಬುಡವೇ ಕಿತ್ತು ಬಂದಿದ್ದರೆ ಅದು ಯಾರನ್ನ ಸುಡಬೇಕು? ನಾಲ್ಕು ವಾರ ದಾರ ಮುಟ್ಟಬೇಡಿ, ಹಿಂದಿನ ದಿನ ರೇಜರಿನಲ್ಲಿ ತೆಗೆದುಕೊಂಡು ಬನ್ನಿ ಅಂದರು. ಹೀಗೆ 38ನೇ ವಯಸ್ಸಿನಲ್ಲಿ ಗಂಡನ ಪಕ್ಕ ಕನ್ನಡಿ ಮುಂದೆ ನಿಂತು ಮೀಸೆ ಬೋಳಿಸಿಕೊಂಡೆ. ಅವರು ನಗಲಿಲ್ಲ, ಪಾಪ. "ತುಟಿ ಒಳಗೆ ಎಳ್ಕೋ" ಅಂತ ಪಾಠ ಮಾಡಿದರು.

ಇಂಬಳ ಕಚ್ಚಿದರೆ ಕಿತ್ತೆಸೆದು ನಡೆಯುವವಳು ನಾನು, ಆದರೆ ಮಿಷನ್ ನೋವು ಅಂದರೆ ಭಯ. ಅದಕ್ಕೇ ಕೇಳಿ ಕೇಳಿ ಮರಗಟ್ಟಿಸುವ ಕ್ರೀಮ್ ಬರೆಸಿಕೊಂಡಿದ್ದೆ. ಲಿಡೊಕೇನ್, ಪ್ರಿಲೊಕೇನ್ ಇರುವ ಬಿಳಿ ಕ್ರೀಮು. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮುಂಚೆ ಹಚ್ಚಿ, ಮೇಲೆ ತೆಳು ಪ್ಲಾಸ್ಟಿಕ್ ಮುಚ್ಚಬೇಕು. ಸಿಕ್ಕಲ್ಲೆಲ್ಲ ಬಳಿಯಬೇಡಿ, ಜಾಸ್ತಿ ಮೈಗೆ ಸೇರಿದರೆ ಅಪಾಯ, ಬಾಯಿಗಂತೂ ಹೋಗಲೇಬಾರದು ಅಂತ ಎರಡು ಸಲ ಹೇಳಿದ್ದರು.

ಲೆಕ್ಕ ಹಾಕಿ ಮಂಡಗದ್ದೆ ಹತ್ತಿರ ಬಂದಾಗ, ಹೊರಗೆ ಆಷಾಢದ ಮಳೆ ಹೊಯ್ಯುತ್ತಿರುವಾಗ, ಸೀಟಿನಲ್ಲೇ ಬಗ್ಗಿ ಹಚ್ಚಿಕೊಂಡೆ. ಪ್ಲಾಸ್ಟಿಕ್ಕು ರವಿಕೆ ಕಣದ ಕವರಿನಿಂದ ಕತ್ತರಿಸಿದ್ದು. ಮೇಲೊಂದು ಮಾಸ್ಕ್. ಆ ರಸ್ತೆಯ ತಿರುವುಗಳು ಗೊತ್ತಲ್ಲ, ಪ್ರತಿ ತಿರುವಿಗೂ ಕ್ರೀಮು ಒಂದಿಷ್ಟು ಎಡಕ್ಕೆ ಜಾರಿತು, ಒಂದಿಷ್ಟು ಬಾಯಿಗೂ ಇಳಿಯಿತು. ಕರ್ಚೀಫಿನಲ್ಲಿ ಒರೆಸಿಕೊಳ್ಳುವಷ್ಟರಲ್ಲಿ ನಾಲಿಗೆ ತುದಿ ಬೇರೆ ಯಾರದ್ದೋ ಅನ್ನಿಸತೊಡಗಿತು.

ಅಷ್ಟರಲ್ಲಿ ಬಸ್ಸಿಗೆ ಹತ್ತಿದ್ದು ನಮ್ಮೂರಿನ ಡೈರಿ ಅಕ್ಕ. ಪಕ್ಕದಲ್ಲೇ ಕೂತರು.

"ಎಲ್ಲಿಗೆ ಹೊರಟಿದ್ದು?"

"ಹಿವ‌ಒಗ್ಗ" ಅಂದೆ. ಮರಗಟ್ಟಿದ ತುಟಿಗೆ 'ಮ' ಬರಲ್ಲ ಅಂತ ಆಗಲೇ ಗೊತ್ತಾಗಿದ್ದು. ಮಾಸ್ಕ್ ಅಂಚಿನಿಂದ ಜೊಲ್ಲು ಬೇರೆ.

"ಅಯ್ಯೋ, ಹಲ್ಲು ಕೀಳಿಸಿದ್ಯಾ ಮಾರಾಯ್ತಿ?"

ಸುಮ್ನೆ ತಲೆ ಆಡಿಸಿದೆ. ಅಷ್ಟೇ ನಾನು ಮಾಡಿದ ತಪ್ಪು.

ಕ್ಲಿನಿಕ್ಕಿನಲ್ಲಿ ಸಿಸ್ಟರ್ ಕ್ರೀಮು ಒರೆಸಿದಾಗ ಎಡಗೆನ್ನೆ ಕಲ್ಲಾಗಿತ್ತು, ಬಲ ಮೇಲ್ತುಟಿ ಮಾತ್ರ ಪೂರ್ತಿ ಎಚ್ಚರ. "ರಬ್ಬರ್ ಬ್ಯಾಂಡ್ ಹೊಡೆದ ಹಾಗಿರುತ್ತೆ ಅಷ್ಟೇ" ಅಂದರು. ನನ್ನ ಕೇಳಿದರೆ ಒಗ್ಗರಣೆ ಸಾಸಿವೆ ಸಿಡಿದು ತುಟಿಗೆ ಬಿದ್ದ ಹಾಗೆ, ಅದೂ ಒಂದಾದ ಮೇಲೊಂದು. ಕನ್ನಡಕದ ಒಳಗೆ ಕಣ್ಣೀರು ತಾನಾಗೇ ಇಳಿಯಿತು, ಮೂಗಿಗೆ ಕೂದಲು ಸುಟ್ಟ ವಾಸನೆ. ನಾನು ಸಿಸ್ಟರ್ ಮಣಿಕಟ್ಟು ಹಿಡಿದುಕೊಂಡಿದ್ದೆ ಅಂತ ಅವರು ಬಿಡಿಸಿಕೊಂಡಾಗಲೇ ಗೊತ್ತಾಗಿದ್ದು. ಡಾಕ್ಟರು ಮಿಷನ್ನಿನ ಜೋರು ಸ್ವಲ್ಪ ಇಳಿಸಿದರು. "ಪೂರ್ತಿ ನೋವೇ ಗೊತ್ತಾಗದ ಹಾಗೆ ಮಾಡಿಕೊಳ್ಳಬಾರದಮ್ಮ, ಚರ್ಮ ಸುಡ್ತಿದ್ರೆ ನೀವೇ ತಾನೇ ಹೇಳಬೇಕು" ಅಂದರು. ಮಿಷನ್ನಿನ ತುದಿ ಐಸಿನ ಹಾಗೆ ತಣ್ಣಗಿತ್ತು, ನಿಜ ಹೇಳಬೇಕೆಂದರೆ ಕ್ರೀಮಿಗಿಂತ ಅದೇ ಕೈ ಹಿಡಿಯಿತು. ಎಲ್ಲ ಸೇರಿ ಐದು ನಿಮಿಷವೂ ಆಗಲಿಲ್ಲ! ಇದಕ್ಕೆ ಬಸ್ಸಿನಲ್ಲಿ ಅಷ್ಟೆಲ್ಲ ಸರ್ಕಸ್ ಬೇಕಿತ್ತಾ?

ಐಸ್ ಒತ್ತಿ, ಸನ್‌ಸ್ಕ್ರೀನ್ ಹಚ್ಚಿ, ಇವತ್ತು ಬಿಸಿನೀರು ಬೇಡ ಅಂದು ಕಳಿಸಿದರು. ಮಳೆಗಾಲದಲ್ಲಿ ಹಂಡೆ ಒಲೆಯ ಮುಂದೆ ಕೂರುವುದು ಬಿಟ್ಟು ಬದುಕುವುದು ಹೇಗಪ್ಪಾ ಅಂತ ಯೋಚಿಸುತ್ತಾ ಮನೆಗೆ ಬಂದರೆ, ಅಂಗಳಕ್ಕೇ ಪತ್ರೊಡೆಯ ಘಮ. ಬೆಳಿಗ್ಗೆಯಿಂದ ಬರೀ ಕಾಫಿಯಲ್ಲಿದ್ದವಳು, ಕೈಕಾಲು ತೊಳೆದು ನೇರ ತಟ್ಟೆ ಮುಂದೆ ಕೂತೆ.

ಅತ್ತೆ ನನಗೆ ಗಂಜಿ ಬಡಿಸಿದರು. ಉಪ್ಪಿನಕಾಯಿಯೂ ಇಲ್ಲ.

"ಡೈರಿಯಲ್ಲಿ ಎಲ್ಲ ಹೇಳಿದ್ರು" ಅಂದರು, ಊದಿದ ನನ್ನ ತುಟಿ ನೋಡುತ್ತಾ. ಗಂಡ ಪತ್ರೊಡೆಯ ಮೂರನೇ ತುಂಡಿಗೆ ಕೈ ಹಾಕಿ ತಲೆ ತಗ್ಗಿಸಿದರು. ಅತ್ತೆ ಟಾರ್ಚು ತಂದು ಹತ್ತಿರ ಕೂತರು.

"ಬಾಯಿ ತೆಗಿ. ಯಾವ ಹಲ್ಲು ಕಿತ್ತಿದ್ದು, ನೋಡ್ತೀನಿ."