ಬೀಗದ ಕೈಗೊಂದು ಕ್ರೆಡಿಟ್ಟು

ಪಕ್ಕದ ಮನೆಯ ಹುಡುಗನಿಗೆ ಫಿಟ್ಸ್ ಬಂತು. ಅವನನ್ನು ಆಟೋಗೆ ಹಾಕಿ ಅವರಮ್ಮ ಮುಂದೆ, ಸ್ಕೂಟರಿನಲ್ಲಿ ನಾನು ಹಿಂದೆ. ಆಸ್ಪತ್ರೆ ಬಾಗಿಲಲ್ಲೇ ಹುಡುಗನಿಗೆ ಇನ್ನೊಂದು ಸಲ ಬಂತು. ಒಳಗಿಂದ ಓಡಿ ಬಂದವರು ಹೆಸರು ಕೇಳಲಿಲ್ಲ, ವಯಸ್ಸು ಕೇಳಲಿಲ್ಲ, ಶುರುವಾಗಿ ಎಷ್ಟು ಹೊತ್ತಾಯಿತು ಅಂತಲೂ ಕೇಳಲಿಲ್ಲ.

‘ಕೀ ಇದ್ಯಾ, ಕೀ?’

ಜೇಬಿನಲ್ಲಿದ್ದ ಸ್ಕೂಟರ್ ಕೀ ಕೊಟ್ಟೆ. ಹುಡುಗನ ಅಂಗೈಗೆ ತುರುಕಿದರು. ಒಂದೂವರೆ ನಿಮಿಷಕ್ಕೆ ಅದುರು ನಿಂತಿತು. ‘ನೋಡಿದ್ರಾ?’ ಅಂದರು. ನೋಡಿದೆ. ಆಮೇಲೆ ಡಾಕ್ಟರು ಬಂದು ಚೀಟಿ ಬರೆದು, ಈ ಮಾತ್ರೆ ಪೇಟೆಯ ಮೆಡಿಕಲ್ಲಿನಲ್ಲಿ ಸಿಗುತ್ತೆ, ಬೇಗ ತನ್ನಿ ಅಂದರು. ಕೀ ಇನ್ನೂ ಹುಡುಗನ ಮುಷ್ಟಿಯಲ್ಲೇ ಇತ್ತು. ತೆಗೆಯೋಕೆ ಅವರಮ್ಮ ಬಿಡಲಿಲ್ಲ. ನಡೆದುಕೊಂಡೇ ಹೋದೆ.

ಕೀ ಮೇಲೆ ನನಗೆ ಸಿಟ್ಟಿಲ್ಲ. ಫಿಟ್ಸ್ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಕೀ ಹುಡುಕೋಕೆ ಅಷ್ಟು ಹೊತ್ತು ಬೇಕೇ ಬೇಕು. ಹುಡುಗನ ಕೈಗೆ ಸೌಟು ಕೊಟ್ಟಿದ್ದರೂ ನಿಲ್ಲುತ್ತಿತ್ತು, ರೇಷನ್ ಕಾರ್ಡ್ ಕೊಟ್ಟಿದ್ದರೂ ನಿಲ್ಲುತ್ತಿತ್ತು. ಆ ಗಳಿಗೆಯಲ್ಲಿ ಅಲ್ಲಿದ್ದದ್ದು ಕೀ, ಕ್ರೆಡಿಟ್ ಅದಕ್ಕೆ ಹೋಯಿತು. ಸರಿಯಾಗಿ ಔಷಧಿ ತಗೊಂಡರೆ ನೂರಕ್ಕೆ 70 ಜನರ ತನಕ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಳೆದೂ ಸುರಿದೂ ಹೇಳುತ್ತದೆ. ಕೀ ಅಂಥ ಚೌಕಾಸಿ ಮಾಡಲ್ಲ. ಐದು ನಿಮಿಷ ದಾಟಿದರೂ ನಿಲ್ಲದಿದ್ದಾಗ ಮಾತ್ರ ಎಲ್ಲರೂ ಇಂಜೆಕ್ಷನ್ನಿಗೆ ಓಡುತ್ತಾರೆ. ಆಗ ಕೀ ವಿಚಾರ ಯಾರೂ ಎತ್ತುವುದಿಲ್ಲ.

ಇದನ್ನೆಲ್ಲ ನಮ್ಮ ಭಾವನ ಹತ್ತಿರ ಹೇಳಿಕೊಂಡೆ. ಭಾವ ಡಾಕ್ಟರು. ‘ಬಾರೋ, ಭಾನುವಾರ ಫಿಟ್ಸ್ ಬಗ್ಗೆಯೇ ಸಿಎಂಇ ಇದೆ, ಊಟ ಚೆನ್ನಾಗಿರುತ್ತೆ’ ಅಂದರು. ಸಿಎಂಇ ಅಂದರೆ ಡಾಕ್ಟರುಗಳು ಹೊಸ ವಿಷಯ ಕಲಿಯೋಕೆ ಕೂರುವ ಉಪನ್ಯಾಸ. ನಮ್ಮ ರಾಜ್ಯದಲ್ಲಿ ಡಾಕ್ಟರುಗಳು ನೋಂದಣಿ ನವೀಕರಿಸಲು ಇಂಥವುಗಳಲ್ಲಿ ಕೂತು ಐದು ವರ್ಷಕ್ಕೆ 30 ಕ್ರೆಡಿಟ್ ಗಂಟೆ ಕೂಡಿಸಬೇಕು. ಭಾವನದು ಐದನೇ ವರ್ಷ. ಊಟದ ತುರ್ತು ಅರ್ಥವಾಯಿತು.

ದೊಡ್ಡ ಹೋಟೆಲಿನ ಎಸಿ ಹಾಲು. ಸ್ಲೈಡುಗಳು ರೈಲಿನ ಹಾಗೆ ಓಡಿದವು. ಎಚ್ಚರ ಮಸುಕಾಗುವ ಒಂದು ಬಗೆಯ ಫಿಟ್ಸಿಗೆ ಮೊದಲು ‘ಕಾಂಪ್ಲೆಕ್ಸ್ ಪಾರ್ಷಿಯಲ್’ ಅನ್ನುತ್ತಿದ್ದುದನ್ನು 2017ರಲ್ಲಿ ‘ಫೋಕಲ್ ಇಂಪೇರ್ಡ್ ಅವೇರ್‌ನೆಸ್’ ಅಂತ ಬದಲಾಯಿಸಿದರಂತೆ. 2025ರಲ್ಲಿ ‘ಅವೇರ್‌ನೆಸ್’ ತೆಗೆದು ‘ಕಾನ್ಷಿಯಸ್‌ನೆಸ್’ ಹಾಕಿದರಂತೆ. ಇದ್ಯಾವುದೂ ರೋಗಿಯ ಗಮನಕ್ಕೆ ಬಂದಿಲ್ಲ, ಪಾಪ, ಅವನಿಗೆ ಆಗ ಎಚ್ಚರ ಇರಲಿಲ್ಲ. ನನ್ನ ಪಕ್ಕದ ಸೀಟಿನವರಿಗೂ ಇರಲಿಲ್ಲ. ಹಾಜರಿಯ ಕ್ಯೂಆರ್ ಕೋಡು ಊಟವಾದ ಮೇಲೆ ತೋರಿಸುತ್ತಾರೆ ಅನ್ನುವುದು ಮಾತ್ರ ಹಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು.

‘ಭಾವ, ಮಿದುಳಿನ ಇಇಜಿ ಪರೀಕ್ಷೆ ನಾರ್ಮಲ್ ಬಂದರೂ ಫಿಟ್ಸ್ ಕಾಯಿಲೆ ಇರಬಹುದಂತಲ್ವಾ? ಮೊನ್ನೆ ಆ ಹುಡುಗನ ಇಇಜಿ ನೋಡಿ, ಏನೂ ಇಲ್ಲ, ಮಾತ್ರೆ ನಿಲ್ಲಿಸಿ ಅಂದ್ರಂತೆ.’

‘ಆ ಸ್ಲೈಡ್ ಬಂದಾಗ ನಾನು ಕಾಫಿಗೆ ಹೋಗಿದ್ದೆ ಕಣೋ.’

ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಪಿಎಚ್‌ಸಿ ಡಾಕ್ಟರುಗಳಿಗೆ ಮಿದುಳಿನ ಕಾಯಿಲೆಗಳ ತರಬೇತಿ ಕೊಡಿಸುತ್ತಿದೆ. ಅದು ಒಳ್ಳೆಯ ಕೆಲಸ, ನಗೋಕೆ ಮನಸ್ಸಿಲ್ಲ. ಆದರೆ ಅವತ್ತು ಬಾಗಿಲಿಗೆ ಮೊದಲು ಓಡಿ ಬಂದವರು ಡಾಕ್ಟರಲ್ಲ. ನರ್ಸು, ಆಯಾ, ವಾರ್ಡ್ ಬಾಯ್, ಸೆಕ್ಯುರಿಟಿಯವನು, ಇವರಲ್ಲಿ ಒಬ್ಬರೂ ಆ ಹಾಲಿನಲ್ಲಿ ಇರಲಿಲ್ಲ. ಇವರು ಕಲಿಯಬೇಕಾದದ್ದು ಎಷ್ಟು? ಪಕ್ಕಕ್ಕೆ ಮಲಗಿಸು, ಬಾಯಿಗೆ ಏನೂ ಇಡಬೇಡ, ಅದುಮಿ ಹಿಡಿಯಬೇಡ, ಗಡಿಯಾರ ನೋಡು. ಬಸ್ ಟಿಕೆಟ್ಟಿನ ಹಿಂದೆ ಬರೆದರೂ ಜಾಗ ಉಳಿಯುತ್ತದೆ. ಅಷ್ಟು ಸಣ್ಣ ವಿಷಯಕ್ಕೆ ಎಸಿ ಹಾಲ್ ಬುಕ್ ಮಾಡೋಕಾಗುತ್ತಾ?

ಗುಲಾಬ್ ಜಾಮೂನು ಮುಗಿಯಿತು, ಕೋಡು ಬಂತು, ನೂರು ಫೋನು ಒಟ್ಟಿಗೆ ಮೇಲೆದ್ದವು. ಉಪನ್ಯಾಸ ಮುಗಿಯುವಾಗ ಭಾವ ಹಾಲಿನೊಳಗೆ ಇದ್ದರು, ಕ್ರೆಡಿಟ್ ಅವರಿಗೆ ಹೋಯಿತು. ಹೊರಡುವಾಗ ಎಲ್ಲರಿಗೂ ಒಂದೊಂದು ಬ್ಯಾಗು. ಒಳಗೆ ಪೆನ್ನು, ಪ್ಯಾಡು, ಮಿದುಳಿನ ಆಕಾರದ ಒಂದು ಕೀ ಚೈನು.

ಕೀ ಚೈನನ್ನು ಭಾವ ನನಗೇ ಕೊಟ್ಟರು. ಸ್ಕೂಟರ್ ಕೀ ಈಗ ಅದರಲ್ಲೇ ನೇತಾಡುತ್ತಿದೆ.