ಸೆಟ್ ಆದಲ್ಲೇ ಪಟ್ಟಣ

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಇರುವ ಪದ ಯಾವುದು? ಕ್ವಿಜ್‌ಗಳಲ್ಲಿ ಬಹಳ ಕಾಲ ಇದಕ್ಕೆ ಒಂದೇ ಉತ್ತರ ಇತ್ತು: ಸೆಟ್. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ ಈ ಮೂರಕ್ಷರದ ಕ್ರಿಯಾಪದಕ್ಕೆ ಸುಮಾರು 430 ಅರ್ಥ ಕೊಟ್ಟಿದೆ. ಅದನ್ನು ವಿವರಿಸೋಕೆ ಹೆಚ್ಚು ಕಡಿಮೆ 60 ಸಾವಿರ ಪದ ಖರ್ಚಾಗಿವೆ. ಆಮೇಲೆ ರನ್ ಅನ್ನೋ ಪದ 645 ಅರ್ಥಗಳ ಜೊತೆ ಓಡಿ ಮುಂದೆ ಹೋಯಿತು ಅಂತ 2011ರ ಹೊತ್ತಿಗೆ ಸುದ್ದಿ ಬಂತು.

ಈ ತೀರ್ಪು ನನಗೆ ಒಪ್ಪಿಗೆ ಇಲ್ಲ. ಎಣಿಸಿದವರು ಇಂಗ್ಲೆಂಡಿನಲ್ಲಿ ಕೂತು ಎಣಿಸಿದ್ದಾರೆ. ನಮ್ಮ ಯಾವುದಾದರೂ ಒಂದು ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕೂತಿದ್ದರೆ ಸೆಟ್ ಪದವನ್ನು ಸೋಲಿಸುವ ಧೈರ್ಯ ಬರುತ್ತಿರಲಿಲ್ಲ.

ಮನೆಯೊಳಗೆ ಅದು ಪಾಪ ಸಾಧು ಪದ. ಸೋಫಾ ಸೆಟ್, ಒಡವೆ ಸೆಟ್, ಅಜ್ಜನ ಹಲ್ಲು ಸೆಟ್. ಹೋಟೆಲಿನಲ್ಲಿ ಸೆಟ್ ದೋಸೆ. ಒಂದು ಸೆಟ್ ಅಂದರೆ ಮೂರು ಅಂತ ನಾವು ನಂಬಿಕೊಂಡು ಬಂದಿದ್ದೆವು. ಈಗ ಕೆಲವು ಕಡೆ ತಟ್ಟೆಯಲ್ಲಿ ಎರಡೇ ಇರುತ್ತವೆ, ಸಾಗು ಮಾತ್ರ ಜಾಸ್ತಿ. ಯಾಕೆ ಅಂತ ಕೇಳಿದರೆ, "ಎರಡೂ ಸೆಟ್ಟೇ ಸಾರ್" ಅನ್ನುತ್ತಾರೆ. ತಪ್ಪೇನಿಲ್ಲ. ಗಣಿತದ ಪ್ರಕಾರ ಖಾಲಿ ತಟ್ಟೆಯೂ ಒಂದು ಸೆಟ್ಟೇ. ಇನ್ನು ಸೆಟ್ ಟಾಪ್ ಬಾಕ್ಸ್. ಬೆಂಗಳೂರು, ಮೈಸೂರಿನವರೆಲ್ಲ 2013ರ ಮಾರ್ಚ್ ಕೊನೆಯೊಳಗೆ ಹಾಕಿಸಿಕೊಳ್ಳಬೇಕು ಅಂತ ಸರ್ಕಾರ ಗಡುವು ಕೊಟ್ಟಿತು. ಅಷ್ಟರಲ್ಲಿ ಟಿವಿ ರೊಟ್ಟಿಯಷ್ಟು ತೆಳ್ಳಗಾಗಿ ಗೋಡೆ ಹತ್ತಿತ್ತು. ಮೇಲಿಡಬೇಕಾದ ಬಾಕ್ಸು ಇವತ್ತಿಗೂ ಕೆಳಗೇ ಬಿದ್ದಿದೆ.

ಹುಡುಗರ ಬಾಯಲ್ಲಂತೂ ಸೆಟ್ ಮಾಡದ ಕೆಲಸ ಇಲ್ಲ. ಹುಡುಗಿ ಸೆಟ್ ಆಗಬೇಕು, ರೂಮು ಸೆಟ್ ಆಗಬೇಕು, ಹಾಸ್ಟೆಲಿನ ನೀರು ಸೆಟ್ ಆಗಲ್ಲ, ಕೂದಲು ಸೆಟ್ ಆಗಲ್ಲ, ಮೇನೇಜರಿಗೂ ತನಗೂ ಸೆಟ್ ಆಗೋದೇ ಇಲ್ಲ. ಇದೆಲ್ಲ ಖಾಸಗಿ ವಿಷಯ, ಬಿಡಿ. ಪದದ ನಿಜವಾದ ಪ್ರತಿಭೆ ಕಾಣಬೇಕಾದರೆ ಸರ್ಕಾರದ ಹತ್ತಿರ ಹೋಗಬೇಕು.

ಅರ್ಜಿ ಆನ್‌ಲೈನ್. ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡಿ, ಕೆಬಿ ಲೆಕ್ಕದಲ್ಲಿ ಕುಗ್ಗಿಸಿ, ಎರಡು ಸಲ ಓಟಿಪಿ ಹೊಡೆದು ಏರಿಸಿದ್ದಾಯಿತು. ಆಮೇಲೆ ಕೌಂಟರಿನಲ್ಲಿ ಮೊದಲ ಪ್ರಶ್ನೆ:

"ಎಷ್ಟು ಸೆಟ್ ತಂದಿದ್ದೀರಾ?"

"ಆನ್‌ಲೈನ್‌ನಲ್ಲಿ ಹಾಕಿದ್ದೀನಲ್ಲ ಸಾರ್?"

"ಅದು ಆನ್‌ಲೈನ್‌ಗೆ. ನಮಗೆ?"

ಎರಡು ಸೆಟ್ ಜೆರಾಕ್ಸ್ ತಂದವರಿಗೆ ಮೂರು ಬೇಕು. ಮೂರು ತಂದವರ ಮೂರನೇ ಸೆಟ್ಟಿನಲ್ಲಿ ಆಧಾರ್ ಕಾರ್ಡಿನ ಹಿಂಭಾಗ ಇರುವುದಿಲ್ಲ, ಹಾಗಾಗಿ ಅದು ಸೆಟ್ ಅಲ್ಲ, ಬರೀ ಹಾಳೆ. ಒಂದು ಸೆಟ್ ಫೈಲಿಗೆ. ಒಂದು ಸೆಟ್ ಮೇಲಿನವರಿಗೆ. ಮೂರನೆಯದು "ಸುಮ್ನೆ ಇರಲಿ" ಅಂತ. ಈ ಸುಮ್ನೆ ಇರಲಿ ಅನ್ನೋ ವಿಭಾಗದಲ್ಲಿ ಎಷ್ಟು ಲಾರಿ ಕಾಗದ ಸುಮ್ಮನೆ ಇದೆಯೋ ಇಲಿಗಳಿಗೇ ಗೊತ್ತು. ಸರ್ವರ್ ಡೌನ್ ಆಗುತ್ತೆ, ಕರೆಂಟು ಹೋಗುತ್ತೆ, ಸಾಹೇಬರು ಮೀಟಿಂಗಿಗೆ ಹೋಗುತ್ತಾರೆ. ಕಚೇರಿ ಎದುರಿನ ಜೆರಾಕ್ಸ್ ಅಂಗಡಿ ಮಾತ್ರ ಒಂದು ದಿನ ಮುಚ್ಚಿದ್ದು ಯಾರಾದರೂ ಕಂಡಿದ್ದೀರಾ? ನಮ್ಮ ಡಿಜಿಟಲ್ ಆಡಳಿತ ನಿಂತಿರುವುದು ಆ ಯಂತ್ರದ ಮೇಲೆ.

ಇದು ಬರೀ ಕಾಗದದ ಚಪಲ ಅಂತ ತಿಳಿಯಬೇಡಿ. ಸಕಾಲ ಅಂತ ಒಂದು ಕಾಯ್ದೆ ಇದೆಯಲ್ಲ, 2011ರದ್ದು. ಇಂಥ ಸೇವೆ ಇಷ್ಟು ದಿನದಲ್ಲಿ ಕೊಡಲೇಬೇಕು, ತಡವಾದರೆ ಪರಿಹಾರ ಕೊಡಬೇಕು ಅಂತ ಹೇಳುವ ಒಳ್ಳೇ ಕಾಯ್ದೆ. ಅರ್ಜಿ ತೆಗೆದುಕೊಂಡು ಸಕಾಲದ ನಂಬರ್ ಕೊಟ್ಟ ಕ್ಷಣದಿಂದ ದಿನದ ಲೆಕ್ಕ ಶುರು. ನಂಬರ್ ಕೊಡದೇ ಇದ್ದರೆ? ಗಡಿಯಾರ ಓಡುವುದೇ ಇಲ್ಲ. "ಸೆಟ್ ಸರಿ ಇಲ್ಲ, ನಾಳೆ ಬನ್ನಿ" ಅನ್ನೋ ನಾಲ್ಕು ಮಾತು ಒಂದು ಇಡೀ ಕಾಯ್ದೆಯನ್ನು ಬಾಗಿಲ ಹೊರಗೆ ಕಾಯಿಸುತ್ತದೆ. ಇಂಥ ಅರ್ಥ ಆ 60 ಸಾವಿರ ಪದಗಳಲ್ಲಿ ಎಲ್ಲಿದೆ?

ಆ ಬಾಗಿಲ ಹೊರಗೇ ಒಬ್ಬರು ನಿಂತಿರುತ್ತಾರೆ. ಟೀ ಅಂಗಡಿ ಪಕ್ಕ, ಕಂಕುಳಲ್ಲಿ ಒಂದು ರೆಕ್ಸಿನ್ ಬ್ಯಾಗ್. ಅವರು ನಿಮ್ಮ ಮುಖ ನೋಡಿಯೇ ಹೇಳುತ್ತಾರೆ, "ಯಾಕಣ್ಣ ಓಡಾಡ್ತೀರಾ, ನಾನು ಸೆಟ್ ಮಾಡಿಸ್ಕೊಡ್ತೀನಿ ಬಿಡಿ." ಒಳಗಡೆ ಸೆಟ್ ಅಂದರೆ ಕಾಗದ, ಹೊರಗಡೆ ಸೆಟ್ ಅಂದರೆ ಕಾಗದವೇ ಬೇಡ. ಇಂಗ್ಲಿಷಿನಲ್ಲಿ ಸೆಟ್ ಆಗಿದೆ ಅಂದರೆ ನಿಗದಿಯಾಗಿದೆ, ಇನ್ನು ಅಲ್ಲಾಡಲ್ಲ ಅಂತ. ನಮ್ಮಲ್ಲಿ ಸೆಟ್ ಆಗಿದೆ ಅಂದರೆ ನಿಗದಿಯಾಗಿದ್ದನ್ನು ಅಲ್ಲಾಡಿಸಲಾಗಿದೆ ಅಂತ.

ಇದರ ಅತ್ಯುತ್ತಮ ಉದಾಹರಣೆ ಸೆಟ್‌ಬ್ಯಾಕ್. ಮನೆ ಕಟ್ಟುವಾಗ ಸೈಟಿನ ನಾಲ್ಕೂ ಕಡೆ ಬಿಡಬೇಕಾದ ಜಾಗ. ಗಾಳಿ ಬರಲಿ, ಬೆಳಕು ಬರಲಿ, ಬೆಂಕಿ ಬಿದ್ದರೆ ಮನುಷ್ಯರು ಓಡಾಡಲಿ ಅಂತ. ಮಂಜೂರಾದ ಪ್ಲಾನಿನಲ್ಲಿ ಈ ಜಾಗ ಎಷ್ಟು ಚೆನ್ನಾಗಿ ಕಾಣುತ್ತದೆ ಗೊತ್ತಾ? ನೀಲಿ ಗೆರೆ, ಬಾಣದ ಗುರುತು, ಎಲ್ಲ ಇರುತ್ತದೆ. ಮೇಸ್ತ್ರಿ ದಾರ ಕಟ್ಟುವ ದಿನ ಅದು ಮಾಯ. "ಅಕ್ಕಪಕ್ಕದೋರು ಯಾರೂ ಬಿಟ್ಟಿಲ್ಲ ಸಾರ್, ನೀವೊಬ್ರೇ ಯಾಕೆ ಜಾಗ ವೇಸ್ಟ್ ಮಾಡ್ಕೊಳ್ತೀರಾ?" ಆತ ಹೇಳೋದೂ ನಿಜವೇ. ಕೆಳಗೆ ಎರಡಡಿ ಬಿಟ್ಟವರು ಮೊದಲ ಮಹಡಿಯಲ್ಲಿ ಮೂರಡಿ ಮುಂದೆ ಬಂದು ಸಾಲ ತೀರಿಸಿಕೊಳ್ಳುತ್ತಾರೆ. ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಈಚೆ ಮನೆಯ ಒಗ್ಗರಣೆಗೆ ಆಚೆ ಮನೆಯವರು ಕಿಟಕಿಯಿಂದಲೇ ಕರಿಬೇವು ಕೊಡಬಹುದು. ಶೆಟ್ಟಿ ಬಿಟ್ಟಲ್ಲೇ ಪಟ್ಟಣ ಅನ್ನೋದು ಹಿಂದಿನ ಗಾದೆ. ಈಗ ಸೆಟ್ ಆದಲ್ಲೇ ಪಟ್ಟಣ.

ಸರ್ಕಾರ ಸುಮ್ಮನೆ ಕೂರಲಿಲ್ಲ. 2007ರಲ್ಲಿ ಕಾನೂನು ತಿದ್ದಿ ಅಕ್ರಮ ಸಕ್ರಮ ತಂದಿತು. ಮನೆಯಾದರೆ ಶೇ 50ರವರೆಗೆ, ವಾಣಿಜ್ಯ ಕಟ್ಟಡವಾದರೆ ಶೇ 25ರವರೆಗೆ ಉಲ್ಲಂಘನೆ ಇದ್ದರೂ ದಂಡ ಕಟ್ಟಿ ಸರಿಮಾಡಿಸಿಕೊಳ್ಳಬಹುದು. ಅಂದರೆ ಬಿಡಬೇಕಾದ ಜಾಗದಲ್ಲಿ ಅರ್ಧ ನುಂಗಿದವನು ಸಜ್ಜನ, ಮುಕ್ಕಾಲು ನುಂಗಿದವನು ಅಪರಾಧಿ. ಪೂರ್ತಿ ಬಿಟ್ಟವನಿಗೆ ಏನನ್ನಬೇಕು ಅನ್ನೋದನ್ನು ಕಾಯ್ದೆ ಹೇಳಲಿಲ್ಲ, ಬೀದಿಯವರು ಹೇಳಿಕೊಂಡರು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಇದಕ್ಕೆ ಒಪ್ಪಿಗೆ ಕೊಟ್ಟಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ಹಾಕಿತು. ಕಟ್ಟಿದವರು ಅಕ್ರಮಕ್ಕೂ ಸಕ್ರಮಕ್ಕೂ ನಡುವೆ ಸಿಕ್ಕಿಕೊಂಡರು. ನಡುವೆ ಅಷ್ಟಾದರೂ ಜಾಗ ಇತ್ತಲ್ಲ, ಪುಣ್ಯ.

ಸಿಮೆಂಟ್ ಗಟ್ಟಿಯಾಗೋದಕ್ಕೂ ಸೆಟ್ ಆಗೋದು ಅಂತಲೇ ಹೆಸರು. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ 30 ನಿಮಿಷಕ್ಕೆ ಮೊದಲು ಸೆಟ್ ಆಗೋಕೆ ಶುರು ಮಾಡಬಾರದು, 600 ನಿಮಿಷದೊಳಗೆ ಪೂರ್ತಿ ಸೆಟ್ ಆಗಿರಬೇಕು. ಸಿಮೆಂಟು ಈ ನಿಯಮ ಪಾಲಿಸುತ್ತದೆ. ಸೈಟಿನಲ್ಲಿ ನಿಯಮ ಪಾಲಿಸುವ ವಸ್ತು ಅದೊಂದೇ ಇರಬೇಕು.

ಹಳ್ಳಿ ಕಡೆ ಸೆಟ್ ಅಂದರೆ ಪಂಪ್‌ಸೆಟ್. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಉಚಿತ ಕೊಡಲಿ, ರೈತನ ಮೇಲೆ ನನಗೆ ತಕರಾರಿಲ್ಲ. ತ್ರೀ ಫೇಸ್ ಕರೆಂಟು ಯಾವ ನಡುರಾತ್ರಿ ಬರುತ್ತೋ ಅಂತ ಆಟೋ ಸ್ಟಾರ್ಟರ್ ಹಾಕಿ ಮಲಗುವವನು ಅವನು. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಬೆಳೆ ಒಣಗೋದು ಅವನದ್ದೇ. ನನ್ನ ಅಚ್ಚರಿ ಲೆಕ್ಕದ ಬಗ್ಗೆ. 2003ರ ವಿದ್ಯುತ್ ಕಾಯ್ದೆಯ 55ನೇ ಸೆಕ್ಷನ್ ಓದಿ: ಕಾಯ್ದೆ ಜಾರಿಯಾಗಿ ಎರಡು ವರ್ಷ ಕಳೆದ ಮೇಲೆ ಮೀಟರ್ ಇಲ್ಲದೆ ಯಾರಿಗೂ ವಿದ್ಯುತ್ ಕೊಡುವಂತಿಲ್ಲ. ಎರಡು ವರ್ಷ ಯಾವತ್ತೋ ಕಳೆಯಿತು. ಹೆಚ್ಚಿನ ಪಂಪ್‌ಸೆಟ್‌ಗಳಿಗೆ ಮೀಟರ್ ಬರಲೇ ಇಲ್ಲ. ಆದರೂ ಅವು ಎಷ್ಟು ಯೂನಿಟ್ ಕುಡಿದವು ಅಂತ ವರ್ಷವರ್ಷ ಲೆಕ್ಕ ಬರುತ್ತದೆ, ಸಬ್ಸಿಡಿ ಹೋಗುತ್ತದೆ. ಅಂದಾಜು ಅಂತಾರೆ. ದಾರಿಯಲ್ಲಿ ಸೋರಿದ್ದು, ಯಾರೋ ಕೊಕ್ಕೆ ಹಾಕಿ ಎಳೆದದ್ದು ಎಲ್ಲ ಕೊನೆಗೆ ಪಂಪ್‌ಸೆಟ್ ಖಾತೆಗೇ ಸೇರುತ್ತದೆ ಅನ್ನೋದು ತಿಳಿದವರ ಹಳೇ ದೂರು. ಮೀಟರ್ ಇಲ್ಲದ ಕಡೆ ಎಷ್ಟು ಬೇಕಾದರೂ ಓದಬಹುದು, ಅಲ್ವಾ?

ಸಿನಿಮಾದವರು ಕನ್ನಡಕ್ಕೆ ಒಂದು ಒಳ್ಳೇ ಕ್ರಿಯಾಪದ ಕೊಟ್ಟಿದ್ದಾರೆ: ಸೆಟ್ಟೇರು. ಚಿತ್ರ ಸೆಟ್ಟೇರಿತು ಅಂದರೆ ಪೂಜೆಯಾಯಿತು, ಕ್ಲಾಪ್ ಆಯಿತು, ಹೂವಿನ ಹಾರ ಹಾಕಿಕೊಂಡವರ ಫೋಟೋ ಬಂತು ಅಂತ. ಚಿತ್ರ ಮುಗಿಯುತ್ತೆ ಅಂತ ಆ ಪದ ಯಾವತ್ತೂ ಮಾತು ಕೊಟ್ಟಿಲ್ಲ. ನಮ್ಮ ನಗರ ಯೋಜನೆಗಳಿಗೆ ಇದಕ್ಕಿಂತ ಒಪ್ಪುವ ಪದ ಸಿಗಲ್ಲ. ಬೆಂಗಳೂರಿನ ಈಜೀಪುರ ಫ್ಲೈಓವರ್ ನೋಡಿ. ಉದ್ದ ಸುಮಾರು ಎರಡೂವರೆ ಕಿಲೋಮೀಟರ್. ಸೆಟ್ಟೇರಿದ್ದು 2017ರಲ್ಲಿ. 2019ಕ್ಕೆ ಬಿಡುಗಡೆ ಅಂದರು. 2022ರಲ್ಲಿ ಗುತ್ತಿಗೆದಾರರನ್ನೇ ಬದಲಿಸಲು ಹೊರಟರು, 2023ರಲ್ಲಿ ಹೊಸಬರು ಬಂದರು. ನಡುವೆ ವರ್ಷಗಟ್ಟಲೆ ಕಂಬಗಳು ಕಬ್ಬಿಣದ ಸರಳು ಚಾಚಿಕೊಂಡು ಆಕಾಶ ನೋಡುತ್ತಾ ನಿಂತಿದ್ದವು. ಯುದ್ಧದ ದೃಶ್ಯಕ್ಕೆ ಬಾಡಿಗೆಗೆ ಕೊಟ್ಟಿದ್ದರೆ ಒಂದಿಷ್ಟು ದುಡ್ಡಾದರೂ ಬರುತ್ತಿತ್ತು. ಎರಡೂವರೆ ಕಿಲೋಮೀಟರ್ ನಡೆದು ಹೋದವರು ಅರ್ಧ ಗಂಟೆಯಲ್ಲಿ ತಲುಪುತ್ತಾರೆ, ಫುಟ್‌ಪಾತ್ ಇದ್ದರೆ.

ನ್ಯಾಯಾಲಯದಲ್ಲೂ ಇದರ ಒಂದು ಅವತಾರ ಇದೆ. ಆದೇಶ "ಸೆಟ್ ಅಸೈಡ್" ಆಯ್ತು ಅಂತ ವಕೀಲರು ಹೇಳಿದರೆ ರದ್ದಾಯಿತು ಅಂತ ಅರ್ಥ. ಹಳ್ಳಿಯಿಂದ ಬಂದ ಕಕ್ಷಿದಾರರಿಗೆ ಕೇಸನ್ನು ಪಕ್ಕಕ್ಕೆ ಎತ್ತಿಟ್ಟರು ಅಂತ ಕೇಳಿಸುತ್ತದೆ. ಎಷ್ಟೋ ವರ್ಷದಿಂದ ಪಕ್ಕದಲ್ಲೇ ಇತ್ತಲ್ಲ, ಈಗ ಹೊಸದಾಗಿ ಇನ್ನೆಲ್ಲಿ ಇಡುತ್ತಾರೆ ಅಂತ ಅವರಿಗೆ ಗೊಂದಲ.

ಈಗ ಎಲ್ಲ ಅರ್ಥಗಳ ತಾಯಿಗೆ ಬರೋಣ: ಲೈಫ್ ಸೆಟ್. ಸರ್ಕಾರಿ ಕೆಲಸ ಸಿಕ್ಕರೆ ಲೈಫ್ ಸೆಟ್. ಧಾರವಾಡದ ರೂಮುಗಳಲ್ಲಿ, ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರುಗಳಲ್ಲಿ ವರ್ಷಗಟ್ಟಲೆ ಓದುವ ಮಕ್ಕಳ ಆಸೆ ಇದೊಂದೇ. ಲೈಫ್ ಸೆಟ್ ಆಗೋಕೆ ಎರಡು ದಾರಿ. ಒಂದು ಓದೋದು. ಇನ್ನೊಂದು ಸೆಟ್ಟಿಂಗ್. ಫೋನಿನಲ್ಲಿ ಸೆಟ್ಟಿಂಗ್ ಹುಡುಕೋದು ಸುಲಭ, ಹಲ್ಲಿನ ಚಕ್ರದ ಚಿತ್ರ ಇರುತ್ತೆ. ಪರೀಕ್ಷೆಯಲ್ಲಿ ಆ ಚಕ್ರ ಯಾರ ಮನೆಯಲ್ಲಿ ತಿರುಗುತ್ತೆ ಅಂತ ಪತ್ತೆ ಮಾಡೋಕೆ ಸಿಐಡಿಯೇ ಬರಬೇಕಾಯಿತು.

545 ಪಿಎಸ್‌ಐ, ಅಂದರೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕಿಂತ ಹೆಚ್ಚು ಜನ ಬರೆದರು. ಆಯ್ಕೆ ಪಟ್ಟಿಯೂ ಬಂತು. ಆಮೇಲೆ ಕಲಬುರಗಿಯ ಒಂದು ಕೇಂದ್ರದಿಂದ ದಾರ ಎಳೆದರೆ ಇಡೀ ಸೀರೆ ಬಿಚ್ಚಿಕೊಂಡಿತು. ಖಾಲಿ ಬಿಟ್ಟು ಬಂದಿದ್ದ ಒಎಂಆರ್ ಉತ್ತರ ಹಾಳೆಗಳಲ್ಲಿ ಉತ್ತರಗಳು ಆಮೇಲೆ ಮೂಡಿದವು ಅನ್ನೋದು ಆರೋಪ. ಕೆಲವು ಪರೀಕ್ಷಾ ಕೇಂದ್ರದಲ್ಲೇ, ಇನ್ನು ಕೆಲವು ನೇಮಕಾತಿ ವಿಭಾಗದ ಸ್ಟ್ರಾಂಗ್ ರೂಮಿನಲ್ಲೇ. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ದರ್ಜೆಯ ಅಧಿಕಾರಿಯೇ ಬಂಧನಕ್ಕೆ ಒಳಗಾದರು. ಕಳ್ಳರನ್ನು ಹಿಡಿಯುವ ಕೆಲಸಕ್ಕೆ ಸೇರೋಕೆ ನಡೆದ ಪರೀಕ್ಷೆ ಅದು ಅನ್ನೋದನ್ನು ಮರೆಯಬೇಡಿ. 2022ರ ಏಪ್ರಿಲ್ ಕೊನೆಗೆ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಸೆಟ್ ಮಾಡಿಕೊಂಡವರ ಜೊತೆ ಓದಿ ಪಾಸಾದವರೂ ಹೋದರು. ಅವರು ಕೋರ್ಟಿಗೆ ಅಲೆದರು, ಬೀದಿಯಲ್ಲಿ ಕೂತರು. ಕೊನೆಗೆ 2024ರ ಜನವರಿ 23ರಂದು ಮರುಪರೀಕ್ಷೆ. ಲೈಫ್ ರೀಸೆಟ್.

ಈ ನಡುವೆ ಇನ್ನೊಂದು ನೇಮಕಾತಿಯಲ್ಲಿ ಬ್ಲೂಟೂತ್ ಹಾಕಿಕೊಂಡು ಉತ್ತರ ಕೇಳಿಸಿಕೊಂಡ ಗಲಾಟೆ ಆಯಿತು. ಪರೀಕ್ಷಾ ಪ್ರಾಧಿಕಾರ ಎಚ್ಚೆತ್ತು 2023ರ ನವೆಂಬರ್‌ನಲ್ಲಿ ಅಭ್ಯರ್ಥಿಗಳಿಗೆ ಡ್ರೆಸ್ ಕೋಡ್ ತಂದಿತು. ತುಂಬು ತೋಳಿನ ಅಂಗಿ ಬೇಡ. ಕಿವಿ ಮುಚ್ಚುವಂಥದ್ದು ಏನೂ ಬೇಡ. ಅಷ್ಟು ದೂರದಿಂದ ಬಸ್ಸಿಳಿದು ಬಂದ ಹುಡುಗರು ಗೇಟಿನಲ್ಲಿ ತೋಳು ತೋರಿಸಿ, ಕಿವಿ ತೋರಿಸಿ, ಒಳಗೆ ಹೋದರು.

ಸ್ಟ್ರಾಂಗ್ ರೂಮಿನ ಒಳಗೆ ಓಡಾಡುವವರಿಗೂ ಅರ್ಧ ತೋಳು ಕಡ್ಡಾಯ ಮಾಡಿದ ಸುತ್ತೋಲೆ ನನ್ನ ಕಣ್ಣಿಗಂತೂ ಬಿದ್ದಿಲ್ಲ.