ಬುರುಡೆಯೊಳಗಿನ ಬುರುಡೆ

ಸುಳ್ಳು ಹೇಳುವುದಕ್ಕೆ ಕನ್ನಡದಲ್ಲಿ 'ಬುರುಡೆ ಬಿಡುವುದು' ಎಂಬ ಮಾತಿದೆ. ಈ ಬುರುಡೆಗೂ ತಲೆಬುರುಡೆಗೂ ಇರುವ ನಂಟನ್ನು ಪಂಡಿತರಿಗೇ ಬಿಟ್ಟರೂ, ಮೊನ್ನೆ ಬೆಳಿಗ್ಗೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಚ್ಚಲಲ್ಲಿ ನಿಂತು, ಫೋನಿನಲ್ಲಿ ಗೆಳೆಯನಿಗೆ "ಅರ್ಧ ದಾರಿಯಲ್ಲಿದ್ದೇನೆ ಮಾರಾಯ, ಇನ್ನು ಹತ್ತೇ ನಿಮಿಷ" ಎಂದಾಗಿನಿಂದ ಅದು ನನ್ನನ್ನು ಕಾಡುತ್ತಿದೆ. ಬಕೆಟ್ಟಿಗೆ ನೀರು ಸುರಿಯುತ್ತಿತ್ತು. ಆ ಸದ್ದು ಅತ್ತ ಕೇಳಿಸಬಾರದೆಂದು ಎಡಗೈ ನಲ್ಲಿಯನ್ನು ತಿರುಗಿಸಿದ್ದು ಮಾತಿಗೂ ಮೊದಲು. ದನಿಗೆ ನಡೆಯುತ್ತಿರುವವರ ಏದುಸಿರು ಒಂದಿಷ್ಟು ಬೆರೆತದ್ದು ಮಾತಿನ ಜೊತೆಜೊತೆಗೇ.

ನಿಜ ಹೇಳುವಾಗ ಮಿದುಳಿಗೆ ಅಷ್ಟೇನೂ ಕೆಲಸವಿಲ್ಲ. ಕಂಡದ್ದನ್ನು, ನೆನಪಿರುವುದನ್ನು ನಾಲಿಗೆಗೆ ದಾಟಿಸಿದರೆ ಮುಗಿಯಿತು. ಸುಳ್ಳು ಹಾಗಲ್ಲ. ತಾನಾಗಿ ನಾಲಿಗೆಯ ತುದಿಗೆ ಬರುವ ನಿಜವನ್ನು ಮೊದಲು ತಡೆದು ನಿಲ್ಲಿಸಬೇಕು, ಅದರ ಜಾಗದಲ್ಲಿ ಇನ್ನೊಂದನ್ನು ಕಟ್ಟಬೇಕು, ಕಟ್ಟಿದ್ದು ಕೇಳುವವರಿಗೆ ಆಗಲೇ ಗೊತ್ತಿರುವ ಸಂಗತಿಗಳ ಜೊತೆ ಹೊಂದುತ್ತದೆಯೇ ಎಂದು ನೋಡಬೇಕು, ಇಷ್ಟನ್ನೂ ಮಾಡುತ್ತಲೇ ಮುಖದಲ್ಲಿ ಏನೂ ನಡೆಯದಂತೆ ಇರಬೇಕು. ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್ ಈ ಯಜಮಾನಿಕೆಯ ಬಹುಪಾಲನ್ನು ಹೊರುತ್ತದೆ. ಎರಡು ಉತ್ತರಗಳ ತಿಕ್ಕಾಟವನ್ನು ಗಮನಿಸುವ ಆಂಟೀರಿಯರ್ ಸಿಂಗ್ಯುಲೇಟ್ ಕಾರ್ಟೆಕ್ಸ್ ಕೂಡ ಎಚ್ಚೆತ್ತುಕೊಳ್ಳುತ್ತದೆ. ಹೀಗಾಗಿಯೇ ಪ್ರಯೋಗಗಳಲ್ಲಿ ಸುಳ್ಳಿನ ಉತ್ತರ ನಿಜದ ಉತ್ತರಕ್ಕಿಂತ ಸಾಮಾನ್ಯವಾಗಿ ತುಸು ತಡವಾಗಿ ಹೊರಬರುತ್ತದೆ. ಮಕ್ಕಳು ಎರಡು-ಮೂರು ವರ್ಷದ ಹೊತ್ತಿಗೆ ಈ ವಿದ್ಯೆಗೆ ಕೈಹಾಕುತ್ತಾರೆ. ತನಗೆ ಗೊತ್ತಿರುವುದೆಲ್ಲ ಇನ್ನೊಬ್ಬರ ತಲೆಯಲ್ಲಿ ಇರುವುದಿಲ್ಲ ಎಂಬ ಅರಿವು ಮೂಡದೆ ಸುಳ್ಳು ಹುಟ್ಟುವುದಿಲ್ಲವಾದ್ದರಿಂದ, ಮಗುವಿನ ಮೊದಲ ಸುಳ್ಳನ್ನು ಗದರಿಸುವ ತಂದೆತಾಯಿ ಒಳಗೊಳಗೇ ಕೊಂಚ ಹೆಮ್ಮೆಪಟ್ಟರೂ ತಪ್ಪಿಲ್ಲವೆಂದು ನನ್ನ ಅಭಿಪ್ರಾಯ.

ಹೇಳಿದ ಮೇಲಿನ ಪಾಡು ಬೇರೆ. ಒಮ್ಮೆ ಒಂದು ಸಮಾರಂಭವನ್ನು ತಪ್ಪಿಸಿಕೊಳ್ಳಲು ಜ್ವರವೆಂದು ಹೇಳಿದ್ದೆ. ಜ್ವರ ಒಂದೇ ಮಾತಿನಲ್ಲಿ ಬಂತು; ಬಿಡಲು ಮೂರು ವಾರ ಹಿಡಿಯಿತು. ಎಷ್ಟು ದಿನವಿತ್ತು, ಚಳಿಯಿತ್ತೇ, ರಕ್ತಪರೀಕ್ಷೆ ಮಾಡಿಸಿದಿರೇ ಎಂದು ವಿಚಾರಿಸಿದವರಲ್ಲಿ ಯಾರಿಗೆ ಯಾವ ಉತ್ತರ ಕೊಟ್ಟೆನೆಂಬ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಳ್ಳಬೇಕಾಯಿತು. ವಿಚಾರಣೆಯ ಮನಶ್ಶಾಸ್ತ್ರವನ್ನು ಬಲ್ಲ ಆಲ್ಡರ್ಟ್ ವ್ರೇ ಅವರಂಥವರು ಈ ಹೊರೆಯನ್ನೇ ಸಾಧನವಾಗಿಸಿಕೊಂಡು, ನಡೆದದ್ದನ್ನು ಕೊನೆಯಿಂದ ಮೊದಲಿಗೆ ಹೇಳುವಂತೆ ಕೇಳುತ್ತಾರೆ. ಕಟ್ಟಿದ ಕತೆ ಹಿಂದಕ್ಕೆ ನಡೆಯಲು ಹೋದಾಗ ಎಡವುವುದು ಹೆಚ್ಚು. ನನ್ನ ಜ್ವರವನ್ನು ಯಾರೂ ಹಿಂದುಮುಂದಾಗಿ ಕೇಳಲಿಲ್ಲ ಎಂಬುದು ನನ್ನ ಪುಣ್ಯ.

ಆದರೆ ಮಿದುಳಿಗೆ ಬೀಳುವ ಈ ದುಡಿಮೆಗಿಂತ, ಮಿದುಳು ಅದಕ್ಕೆ ಒಗ್ಗಿಕೊಳ್ಳುವ ಪರಿಯೇ ನನ್ನನ್ನು ಹೆಚ್ಚು ಕಳವಳಗೊಳಿಸಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ನೀಲ್ ಗ್ಯಾರೆಟ್, ಟಾಲಿ ಶಾರೊಟ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗಾಜಿನ ಜಾಡಿಯೊಂದರಲ್ಲಿ ತುಂಬಿದ ನಾಣ್ಯಗಳ ಚಿತ್ರವಿತ್ತು. ಅದರಲ್ಲಿ ಎಷ್ಟು ಹಣವಿದೆಯೆಂದು, ಚಿತ್ರವನ್ನು ಅಷ್ಟು ಸ್ಪಷ್ಟವಾಗಿ ಕಾಣದ ಜೊತೆಗಾರನಿಗೆ ಸಲಹೆ ಕೊಡಬೇಕು. ಕೆಲವು ಸುತ್ತುಗಳಲ್ಲಿ ಹೆಚ್ಚಿಸಿ ಹೇಳಿದಷ್ಟೂ ಹೇಳುವವರಿಗೆ ಲಾಭ, ಜೊತೆಗಾರನಿಗೆ ನಷ್ಟ. ಮೊದಮೊದಲು ತುಸುವೇ ಹೆಚ್ಚಿಸಿದವರು ಸುತ್ತಿನಿಂದ ಸುತ್ತಿಗೆ ಇನ್ನಷ್ಟು ಹೆಚ್ಚಿಸುತ್ತ ಹೋದರು. ಕೆಲವರ ಮಿದುಳನ್ನು ಅದೇ ಹೊತ್ತಿಗೆ ಸ್ಕ್ಯಾನ್ ಮಾಡಲಾಗುತ್ತಿತ್ತು. ಭಾವನೆಗಳಿಗೆ ಮಿಡಿಯುವ ಅಮಿಗ್ಡಾಲ ಎಂಬ ಬಾದಾಮಿಯಾಕಾರದ ಭಾಗವು ಆರಂಭದ ಸುಳ್ಳುಗಳಿಗೆ ಮಿಡಿದಷ್ಟು ಮುಂದಿನವುಗಳಿಗೆ ಮಿಡಿಯಲಿಲ್ಲ. ಒಂದು ಸುಳ್ಳಿಗೆ ಆ ಮಿಡಿತ ಎಷ್ಟು ತಗ್ಗಿತೋ, ಮುಂದಿನ ಸುಳ್ಳು ಅದಕ್ಕೆ ತಕ್ಕಂತೆ ದೊಡ್ಡದಾಗುತ್ತಿತ್ತು. ಹೊಸ ಚಪ್ಪಲಿ ಕಚ್ಚಿ ಕಚ್ಚಿ ಕೊನೆಗೆ ಕಾಲೇ ಜಡ್ಡುಗಟ್ಟುವುದನ್ನು ನೋಡಿದವರಿಗೆ ಇದು ಅಚ್ಚರಿಯೆನಿಸಲಾರದು. ಹೇಳುವವರಿಗೆ ಏನೂ ಸಿಗದೆ ಕೇವಲ ಜೊತೆಗಾರನಿಗೆ ಲಾಭವಾಗುವ ಸುತ್ತುಗಳಲ್ಲೂ ಜನ ಸುಳ್ಳು ಹೇಳಿದ್ದುಂಟು, ಆದರೆ ಆ ಸುಳ್ಳು ಇದ್ದಲ್ಲಿಯೇ ಇತ್ತು, ಬೆಳೆಯಲಿಲ್ಲ.

ಇದನ್ನು ಓದಿದ ಮೇಲೆ ನನ್ನ ಫೋನಿನ ಮಾತುಗಳ ಚರಿತ್ರೆಯನ್ನು ನೆನೆದು ನೋಡಿದೆ. ಬಹಳ ಹಿಂದೆ, ತಡವಾದಾಗ "ಹೊರಡುತ್ತಿದ್ದೇನೆ" ಎನ್ನುತ್ತಿದ್ದೆ; ಒಂದು ಕಾಲು ಚಪ್ಪಲಿಯಲ್ಲಿರುತ್ತಿದ್ದುದರಿಂದ ಅದು ಮುಕ್ಕಾಲು ನಿಜ. ಕೆಲವು ವರ್ಷಗಳಲ್ಲಿ ಅದು "ಹೊರಟೆ" ಆಯಿತು. ಆಗ, ಬಾಗಿಲ ಒಳಗೇ ನಿಂತು ಹಾಗೆಂದಾಗ, ಎದೆಯಲ್ಲಿ ಮುಳ್ಳಾಡಿದಂತಾಗಿ ಅವಸರದಿಂದ ಹೊರಗೆ ಕಾಲಿಟ್ಟು ಆ ಮಾತನ್ನು ನಿಜ ಮಾಡಿಬಿಡುತ್ತಿದ್ದೆ. ಈಗ ಮೈಮೇಲೆ ನೀರು ಬೀಳುವ ಮೊದಲೇ ಅರ್ಧ ದಾರಿ ದಾಟಿರುತ್ತೇನೆ. ವ್ಯಾಕರಣದ ಕಾಲಗಳೆಲ್ಲ ಒಂದೊಂದಾಗಿ ಮುಂದೆ ಸರಿದಿವೆ, ಮುಳ್ಳು ಮಾತ್ರ ಎಲ್ಲೋ ಕಳೆದುಹೋಗಿದೆ. ಮೊನ್ನೆ ನಲ್ಲಿಯನ್ನು ತಿರುಗಿಸಿದ ಎಡಗೈಗೆ ನಾನು ಅಪ್ಪಣೆ ಕೊಟ್ಟ ನೆನಪೇ ಇಲ್ಲ.

ಆ ಹತ್ತು ನಿಮಿಷ ಐವತ್ತಾಗಿ ಗೆಳೆಯನನ್ನು ತಲುಪಿದಾಗ ಅವನು ಬೆಂಚಿನ ಮೇಲೆ ಕುಳಿತಿದ್ದ. "ತುಂಬಾ ಹೊತ್ತಾಯಿತೇನೋ ಬಂದು?" ಎಂದು ಕೇಳಿದೆ. "ಇಲ್ಲಪ್ಪ, ಈಗ ತಾನೇ ಬಂದೆ" ಎಂದು ಎದ್ದು ನಿಂತ. ಅವನು ಬೆಂಚಿನ ಮೇಲೆ ಮಡಚಿಟ್ಟ ದಿನಪತ್ರಿಕೆಯಲ್ಲಿ ಪದಬಂಧ ಪೂರ್ತಿ ತುಂಬಿತ್ತು.